ಶಬ್ದ ಹೆಚ್ಚಾದರೆ ಶಕ್ತಿ ಹೆಚ್ಚಾಗುವುದಿಲ್ಲ: ಆರ್‌ಎಕ್ಸ್-7 ತೋರಿಸಿ ಸೈಲೆನ್ಸರ್ ಕತ್ತರಿಸುವವರಿಗೆ ಒಂದು ಉತ್ತರ



ನಮ್ಮ ಹುಡುಗರ ಮೊಬೈಲಿನಲ್ಲಿ ಈಗ ಒಂದು ಹಳೆಯ ಜಪಾನೀ ಕಾರು ಓಡುತ್ತಿದೆ. ಮಜ್ದಾ ಆರ್‌ಎಕ್ಸ್-7. ತಗ್ಗಾದ ಮೂತಿ, ಎದ್ದು ನಿಲ್ಲುವ ಹೆಡ್‌ಲೈಟು, ಹಿಂದಿನ ಪೈಪಿನಿಂದ ಗುಂಡು ಹಾರಿಸಿದಂಥ ಸದ್ದು, ಸದ್ದಿನ ಜೊತೆಗೆ ಒಂದು ಗೇಣು ಬೆಂಕಿ. ಅರ್ಧ ನಿಮಿಷವೂ ಇಲ್ಲದ ರೀಲ್. ಅದನ್ನು ನೋಡಿದ ಮೇಲೆ ನಮ್ಮಲ್ಲಿ ಕೆಲವರು ಬೈಕನ್ನು ವೆಲ್ಡಿಂಗ್ ಅಂಗಡಿಗೆ ಕೊಂಡುಹೋಗಿ ಸೈಲೆನ್ಸರಿನ ಹೊಟ್ಟೆ ಸೀಳಿಸಿಕೊಂಡು ಬರುತ್ತಾರೆ. ಯಾಕೆ ಎಂದು ಕೇಳಿದರೆ "ಎಕ್ಸಾಸ್ಟ್ ಅಪ್‌ಗ್ರೇಡ್ ಮಾಡಿದ್ದು, ಈಗ ಇಂಜಿನ್ ಫ್ರೀಯಾಗಿ ಉಸಿರಾಡುತ್ತದೆ, ಪವರ್ ಜಾಸ್ತಿ" ಎನ್ನುತ್ತಾರೆ. ಇನ್ನೂ ಕೇಳಿದರೆ ಆ ರೀಲನ್ನೇ ತೆಗೆದು ತೋರಿಸುತ್ತಾರೆ.

ಆ ಕಾರಿನ ಮೇಲೆ ನನಗೆ ಸಿಟ್ಟಿಲ್ಲ, ಇಷ್ಟವೇ ಉಂಟು. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಆರ್‌ಎಕ್ಸ್-7ರ ಹೆಸರು ಹೇಳಿ ಸೈಲೆನ್ಸರ್ ಕತ್ತರಿಸುವವರು ಆ ಕಾರಿನ ಎಕ್ಸಾಸ್ಟ್ ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಸಾಕು. ತಾವು ಕರೆತಂದ ಸಾಕ್ಷಿಯೇ ತಮ್ಮ ವಿರುದ್ಧ ಮಾತಾಡುವುದನ್ನು ಕೇಳುತ್ತಾರೆ. ನನ್ನ ವಾದ ಇಷ್ಟು: ಸೈಲೆನ್ಸರ್ ಕತ್ತರಿಸಿದರೆ ಇಂಜಿನಿಗೆ ಲಾಭ ಇಲ್ಲ, ಊರಿಗೆ ನಷ್ಟ ಉಂಟು. ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬದ ಬೈಕ್ ರ‍್ಯಾಲಿಯಲ್ಲಿ ಅಂಥ ಒಂದು ಬೈಕಿಗೂ ಜಾಗ ಕೊಡಬಾರದು.

ಮೂರು ಮೂಲೆಯ ಇಂಜಿನ್

ಮಜ್ದಾ ಅಂದರೆ ನಮ್ಮ ಅಪ್ಪಂದಿರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು, ಲಾರಿ. ಹಿರೋಶಿಮಾದ ಅದೇ ಮಜ್ದಾ ಕಂಪನಿ ಪ್ರಪಂಚಕ್ಕೆ ಹೆಸರಾದದ್ದು ರೋಟರಿ ಇಂಜಿನಿನಿಂದ. ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರದ್ದು. 1964ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿ ಅಂಥ ಇಂಜಿನಿನ ಕಾರನ್ನು ಮೊದಲು ಮಾರಾಟಕ್ಕೆ ತಂದಿತು. ಮಜ್ದಾದ ಮೊದಲ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಬಂದದ್ದು 1967ರಲ್ಲಿ. ಕೆನಿಚಿ ಯಮಾಮೊಟೊ ಅವರ ಮುಂದಾಳುತನದಲ್ಲಿ 47 ಇಂಜಿನಿಯರುಗಳು ವರ್ಷಗಟ್ಟಲೆ ಒದ್ದಾಡಿ ಅದನ್ನು ರಸ್ತೆಗೆ ತಂದರು. ಆರಂಭದಲ್ಲಿ ಇಂಜಿನಿನ ಒಳಗೋಡೆಯ ಮೇಲೆ ಸಾಲು ಸಾಲಾಗಿ ಗೀರು ಬೀಳುತ್ತಿತ್ತು. ಅದನ್ನು ಅವರು ಸೈತಾನನ ಉಗುರಿನ ಗುರುತು ಎಂದು ಕರೆಯುತ್ತಿದ್ದರು. ಆರ್‌ಎಕ್ಸ್-7 ಬಂದದ್ದು 1978ರಲ್ಲಿ, ಎರಡನೇ ತಲೆಮಾರು 1985ರಲ್ಲಿ, ಮೂರನೆಯದ್ದು 1991ರಲ್ಲಿ. 2002ರಲ್ಲಿ ತಯಾರಿಕೆ ನಿಂತಿತು. ಅಂದರೆ ರೀಲಿನಲ್ಲಿ ಕಾಣುವ ಆ ಕಾರುಗಳಲ್ಲಿ ಹೆಚ್ಚಿನವಕ್ಕೆ ನಮಗಿಂತ ಹೆಚ್ಚು ಪ್ರಾಯ.

ಈ ಇಂಜಿನಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲ. ತೆರೆದು ಮುಚ್ಚುವ ವಾಲ್ವ್ ಕೂಡ ಇಲ್ಲ. ಎರಡು ಬೀಜದ ನೆಲಗಡಲೆ ಕಾಯಿಯ ಹಾಗೆ ಸೊಂಟದಲ್ಲಿ ಸ್ವಲ್ಪ ಒಳಗೆ ಬಾಗಿದ ಒಂದು ಗೂಡು. ಅದರೊಳಗೆ ಮೂರು ಮೂಲೆಯ ಒಂದು ರೋಟರ್ ತಿರುಗುತ್ತದೆ. ಮೂರು ಮೂಲೆಯಲ್ಲೂ ತೆಳು ಲೋಹದ ಪಟ್ಟಿ, ಅಪೆಕ್ಸ್ ಸೀಲ್, ಗೋಡೆಯನ್ನು ಉಜ್ಜಿಕೊಂಡೇ ಹೋಗುತ್ತದೆ. ರೋಟರ್ ಮತ್ತು ಗೋಡೆಯ ನಡುವಿನ ಜಾಗ ಹಿಗ್ಗುವಾಗ ಗಾಳಿ-ಪೆಟ್ರೋಲು ಒಳಗೆ ಬರುತ್ತದೆ, ಕುಗ್ಗುವಾಗ ಒತ್ತಲ್ಪಡುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿಗೆ ಉರಿಯುತ್ತದೆ, ಕೊನೆಗೆ ಹೊರಗೆ ಹೋಗುತ್ತದೆ.

ಹೊರಗೆ ಹೋಗುವ ರೀತಿಯಲ್ಲೇ ಆ ಸದ್ದಿನ ಗುಟ್ಟು ಉಂಟು. ಬೈಕಿನ ಫೋರ್ ಸ್ಟ್ರೋಕ್ ಇಂಜಿನಿನಲ್ಲಿ ಎಕ್ಸಾಸ್ಟ್ ವಾಲ್ವ್ ಮೆಲ್ಲ ಮೆಲ್ಲ ತೆರೆಯುತ್ತದೆ. ಆರ್‌ಎಕ್ಸ್-7ರಲ್ಲಿ ಹಾಗಲ್ಲ, ಗೋಡೆಯಲ್ಲೇ ಒಂದು ಕಂಡಿ ಕೊರೆದಿದೆ. ರೋಟರಿನ ಮೂಲೆ ಆ ಕಂಡಿಯನ್ನು ದಾಟಿದ ಕೂಡಲೇ ಬಿಸಿ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ. ಪ್ರೆಶರ್ ಕುಕ್ಕರಿನ ವೆಯ್ಟನ್ನು ಚಮಚದಿಂದ ಸ್ವಲ್ಪ ಎತ್ತುವುದಕ್ಕೂ ಒಮ್ಮೆಲೇ ಕಿತ್ತುಬಿಡುವುದಕ್ಕೂ ಇರುವಷ್ಟು ವ್ಯತ್ಯಾಸ. ಹಾಗಾಗಿ ಆ ಗಡಸು ಸದ್ದು ರೋಟರಿ ಇಂಜಿನಿಗೆ ಹುಟ್ಟಿನಿಂದಲೇ ಬಂದದ್ದು. ಅದು ಶಕ್ತಿಯ ಅಳತೆ ಅಲ್ಲ. ಅದೇ ಸದ್ದು ನಮ್ಮ ಬೈಕಿನಲ್ಲಿ ಬರಬೇಕಾದರೆ ಏನನ್ನಾದರೂ ಒಡೆಯಲೇಬೇಕು.

"ಪೈಪ್ ಬಿಡಿಸಿದರೆ ಪವರ್" ಎನ್ನುವವರಿಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೈಪ್ ಎಷ್ಟು ಸಡಿಲವೋ ಅಷ್ಟು ಪವರ್ ಎಂಬುದು ಆರ್‌ಎಕ್ಸ್-7ರಲ್ಲೇ ಸುಳ್ಳಾದದ್ದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದ್ದು, ಎರಡನೇ ತಲೆಮಾರಿನ ಟರ್ಬೊ ಇಲ್ಲದ ಕಾರು. ಅಮೆರಿಕದಲ್ಲಿ 1986ರಿಂದ 1988ರ ತನಕ ಮಾರಿದ ಮಾದರಿ. ಇದರಲ್ಲಿ ಎರಡು ರೋಟರು, ಒಂದೊಂದು ರೋಟರಿಗೆ ಗಾಳಿ ಒಳಬರಲು ಮೂರು ಮೂರು ಕಂಡಿ, ಒಟ್ಟು ಆರು. ಅದರಲ್ಲಿ ಎರಡು ಕಂಡಿ ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ ತೆರೆಯಬೇಕು. ತೆರೆಯುವವರು ಯಾರು? ಎಕ್ಸಾಸ್ಟ್ ಪೈಪಿನೊಳಗಿನ ಒತ್ತಡವೇ. ಆ ಒತ್ತಡವನ್ನು ಒಂದು ಸಣ್ಣ ನಳಿಗೆಯಲ್ಲಿ ತಂದು, ಅದರ ಬಲದಿಂದ ಕಂಡಿಯ ಮುಚ್ಚಳ ತಿರುಗುವಂತೆ ಮಜ್ದಾದ ಇಂಜಿನಿಯರುಗಳು ಮಾಡಿದ್ದರು. ಮಾಲೀಕ ಉತ್ಸಾಹದಿಂದ ಅಗಲವಾದ ಪೈಪ್, ಸಡಿಲವಾದ ಸೈಲೆನ್ಸರ್ ಹಾಕಿಸಿದ. ಒತ್ತಡ ಇಳಿಯಿತು. ಮುಚ್ಚಳ ಸರಿಯಾಗಿ ತೆರೆಯಲಿಲ್ಲ. ಸದ್ದು ಏರಿತು, ಜೋರು ಓಟದಲ್ಲಿ ಶಕ್ತಿ ಕುಸಿಯಿತು. ಕೊನೆಗೆ ಆ ಮುಚ್ಚಳಗಳಿಗೆ ಬೇರೆ ಕಡೆಯಿಂದ ಗಾಳಿಯ ಒತ್ತಡ ಕೊಡುವ ವ್ಯವಸ್ಥೆ ಮಾಡಬೇಕಾಯಿತು. ಕೆಲವರು ಮುಚ್ಚಳವನ್ನು ತಂತಿ ಕಟ್ಟಿ ಸದಾ ತೆರೆದಿಟ್ಟರು. ಆಗ ನಿಧಾನದ ಓಟದಲ್ಲಿ ಎಳೆತ ಹೋಯಿತು. "ಬ್ಯಾಕ್ ಪ್ರೆಶರ್ ಬರೀ ಶತ್ರು" ಎಂದು ಬೈಯುವವರು ಈ ಕಥೆಯನ್ನು ನೆನಪಿಡಬೇಕು. ಆ ಒತ್ತಡಕ್ಕೆ ಅಲ್ಲಿ ಒಂದು ಕೆಲಸ ಇತ್ತು. ಕೆಲಸ ಏನೆಂದು ಕೇಳದೆ ಅದನ್ನು ಮನೆಯಿಂದ ಹೊರಹಾಕಿದರು.

ಎರಡನೆಯದ್ದು, ಮೂರನೇ ತಲೆಮಾರಿನ ಕಾರು. ರೀಲಿನಲ್ಲಿ ಹೆಚ್ಚು ಮಿಂಚುವುದು ಇದೇ. 1308 ಸಿಸಿ ಇಂಜಿನ್, ಒಂದರ ನಂತರ ಒಂದು ಕೆಲಸ ಶುರು ಮಾಡುವ ಎರಡು ಟರ್ಬೊ. ಟರ್ಬೊ ಇರುವ ಕಾರಿಗೆ ಸಡಿಲವಾದ ಎಕ್ಸಾಸ್ಟ್ ನಿಜವಾಗಿಯೂ ಪವರ್ ಕೊಡುತ್ತದೆ, ಇದನ್ನು ಒಪ್ಪುತ್ತೇನೆ. ಅಪಾಯ ಇರುವುದೂ ಅಲ್ಲೇ. ಟರ್ಬೊಗೆ ಹೋಗುವ ಹೆಚ್ಚಿನ ಅನಿಲವನ್ನು ಪಕ್ಕಕ್ಕೆ ತಿರುಗಿಸಲು ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು ಉಂಟು. ಕಂಪನಿ ಹಾಕಿದ ಎಕ್ಸಾಸ್ಟಿನ ಅಳತೆಗೆ ಆ ಬಾಗಿಲು ಸಾಕು. ಡೌನ್‌ಪೈಪ್, ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಮೂರನ್ನೂ ಒಟ್ಟಿಗೆ ಸಡಿಲ ಮಾಡಿದರೆ ಅದು ಸಾಲುವುದಿಲ್ಲ. ಟರ್ಬೊ ನಿಲ್ಲಬೇಕಾದ ಮಿತಿಯಲ್ಲಿ ನಿಲ್ಲದೆ ಒತ್ತಡ ಏರುತ್ತಾ ಹೋಗುತ್ತದೆ. ಗಾಳಿ ಹೆಚ್ಚಾಯಿತು, ಪೆಟ್ರೋಲು ಅದೇ ಲೆಕ್ಕದಲ್ಲಿ ಬರುತ್ತಿದೆ. ಮಿಶ್ರಣ ತೆಳುವಾಗುತ್ತದೆ, ಉರಿಯುವ ಬದಲು ಸಿಡಿಯುತ್ತದೆ. ಆ ತೆಳು ಅಪೆಕ್ಸ್ ಸೀಲ್ ಮುರಿಯಲು ಅಂಥ ಕೆಲವು ಸಿಡಿತ ಸಾಕು. ಸೀಲ್ ಮುರಿದರೆ ಇಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು. ಹಾಗಾಗಿ ಆ ಕಾರಿನ ಬಗ್ಗೆ ತಿಳಿದವರು ಪೈಪಿಗೆ ಕೈ ಹಾಕುವ ಮೊದಲೇ ಪೆಟ್ರೋಲಿನ ಲೆಕ್ಕ, ಟರ್ಬೊ ಒತ್ತಡದ ಮೀಟರ್, ಇಂಜಿನ್ ಕಂಪ್ಯೂಟರಿನ ಟ್ಯೂನಿಂಗ್ ನೋಡಿಕೊಳ್ಳುತ್ತಾರೆ. ಇವೆಲ್ಲ ರೀಲಿನಲ್ಲಿ ಕಾಣುವುದಿಲ್ಲ, ನೋಡುವವರು ಕೇಳುವುದೂ ಇಲ್ಲ.

ಇನ್ನು ಆ ಬೆಂಕಿ. ಅದಕ್ಕೇ ಅಲ್ಲವೇ ಸಾವಿರಾರು ಲೈಕ್? ರೋಟರಿ ಇಂಜಿನಿನ ಉರಿಯುವ ಕೋಣೆ ಉದ್ದ ಮತ್ತು ತೆಳು. ಮೂಲೆಯಲ್ಲಿರುವ ಪೆಟ್ರೋಲು ಪೂರ್ತಿ ಉರಿಯುವ ಮೊದಲೇ ಹೊರಗೆ ಹೋಗುತ್ತದೆ. ಬಿಸಿ ಪೈಪಿನಲ್ಲಿ ಗಾಳಿ ಸಿಕ್ಕಿದಾಗ ಅಲ್ಲಿ ಹತ್ತಿಕೊಳ್ಳುತ್ತದೆ. ಅಂದರೆ ಹಣ ಕೊಟ್ಟು ತುಂಬಿಸಿದ ಪೆಟ್ರೋಲು ಚಕ್ರವನ್ನು ತಿರುಗಿಸದೆ ಪೈಪಿನ ತುದಿಯಲ್ಲಿ ಉರಿದುಹೋಯಿತು. ತಂದೆಯ ಆಸ್ತಿಯ ಪಾಲು ತೆಗೆದುಕೊಂಡು ದೂರದ ಊರಿಗೆ ಹೋದ ಕಿರಿಯ ಮಗನ ಖರ್ಚಿನ ಹಾಗೆ. ನೋಡುವವರಿಗೆ ಚಂದ, ಮನೆಗೆ ನಷ್ಟ. ಈ ವ್ಯರ್ಥವನ್ನು ತಡೆಯಲು ಮಜ್ದಾ ಎಷ್ಟು ಕಷ್ಟಪಟ್ಟಿತು ಗೊತ್ತೇ? ಅಮೆರಿಕದಲ್ಲಿ ಮಾರಿದ ಮೊದಲ ಆರ್‌ಎಕ್ಸ್-7ಗಳಲ್ಲಿ ಇಂಜಿನಿಗೆ ಅಂಟಿಕೊಂಡೇ ಥರ್ಮಲ್ ರಿಯಾಕ್ಟರ್ ಎಂಬ ದೊಡ್ಡ ಲೋಹದ ಪೆಟ್ಟಿಗೆ ಇತ್ತು. ಉರಿಯದೆ ಬಂದ ಪೆಟ್ರೋಲಿಗೆ ಹೊಸ ಗಾಳಿ ಊದಿ ಅಲ್ಲೇ ಪೂರ್ತಿ ಉರಿಸುವುದು ಅದರ ಕೆಲಸ. 1981ರ ಮಾದರಿಯಿಂದ ಆ ಜಾಗಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಆ ಇಂಜಿನಿಯರುಗಳು ವರ್ಷಾನುಗಟ್ಟಲೆ ಕೂತು ನಂದಿಸಿದ ಬೆಂಕಿಯನ್ನು ನಾವು ಈಗ ಲೈಕಿಗಾಗಿ ಹೊತ್ತಿಸುತ್ತಿದ್ದೇವೆ.

ನಿಜವಾದ ಅಪ್‌ಗ್ರೇಡ್ ಹೇಗಿರುತ್ತದೆ

ಹಾಗಾದರೆ ಹಳೆಯ ರೋಟರಿ ಕಾರಿಗೆ ಎಕ್ಸಾಸ್ಟ್ ಬದಲಿಸುವುದೇ ತಪ್ಪೇ? ಖಂಡಿತ ಅಲ್ಲ. ಮೂವತ್ತು ನಲವತ್ತು ವರ್ಷದ ಕಾರಿನ ಪೈಪು ತುಕ್ಕು ಹಿಡಿದಿರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕಟ್ಟಿಕೊಂಡಿರುತ್ತದೆ. ಅದು ಕಟ್ಟಿಕೊಂಡರೆ ಬಿಸಿ ಹೊರಹೋಗದೆ ಇಂಜಿನಿಗೇ ಪೆಟ್ಟು. ಬದಲಿಸಲೇಬೇಕು. ಆದರೆ ಸರಿಯಾಗಿ ಮಾಡುವವರ ಕ್ರಮ ನೋಡಿ.

ಮೊದಲು ಇಂಜಿನಿನ ಕಂಪ್ರೆಶನ್ ಅಳೆಯುತ್ತಾರೆ. ಸೀಲ್ ಸವೆದ ಇಂಜಿನಿಗೆ ಯಾವ ಪೈಪ್ ಹಾಕಿಯೂ ಪ್ರಯೋಜನ ಇಲ್ಲ. ಆಮೇಲೆ ಎಲ್ಲಿ ಸೋರುತ್ತದೆ, ಎಲ್ಲಿ ಕಟ್ಟಿದೆ ಎಂದು ಹುಡುಕುತ್ತಾರೆ. ರೋಟರಿಯ ಎಕ್ಸಾಸ್ಟ್ ಅನಿಲ ಸಾಮಾನ್ಯ ಕಾರಿನದ್ದಕ್ಕಿಂತ ಬಿಸಿ. ಹಾಗಾಗಿ ದಪ್ಪ ಪೈಪ್, ಒಳ್ಳೆಯ ವೆಲ್ಡಿಂಗ್ ಬೇಕು, ಬಿಸಿ ತಡೆಯುವ ತಗಡುಗಳನ್ನು ತೆಗೆದು ಬಿಸಾಡಬಾರದು. ಸೈಲೆನ್ಸರಿನೊಳಗೆ ತುಂಬಿದ ಗಾಜಿನ ನಾರು ಈ ಬಿಸಿಗೆ ಬೇಗ ಸುಟ್ಟುಹೋಗುತ್ತದೆ. ಕಡಿಮೆ ಬೆಲೆಯದ್ದು ಹಾಕಿದರೆ ಕೆಲವು ತಿಂಗಳಲ್ಲೇ ಸದ್ದು ಇಮ್ಮಡಿಯಾದ ಹಾಗೆ ಕೇಳುತ್ತದೆ. ಆದ್ದರಿಂದ ಅನುಭವಸ್ಥರು ಹಿಂದಿನ ಸೈಲೆನ್ಸರಿನ ಜೊತೆಗೆ ಅದಕ್ಕಿಂತ ಮುಂದೆ ಇನ್ನೊಂದು ಪ್ರೀ-ಸೈಲೆನ್ಸರನ್ನೂ ಸೇರಿಸುತ್ತಾರೆ. ಗಮನಿಸಿ: ರೋಟರಿ ಕಾರನ್ನು ನಿಜವಾಗಿ ಪ್ರೀತಿಸುವವರು ಸೈಲೆನ್ಸರನ್ನು ಕಳೆಯುವುದಿಲ್ಲ, ಇನ್ನೊಂದು ಕೂಡಿಸುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವಾಗ ಅನಿಲ ಸುಲಭವಾಗಿ ಸಾಗುವ ಹೊಸದನ್ನು ಹಾಕುತ್ತಾರೆ. ಅಮೆರಿಕದಲ್ಲಿ ರಸ್ತೆಯ ಕಾರಿನಿಂದ ಅದನ್ನು ತೆಗೆಯುವುದು ಕಾನೂನಿಗೆ ವಿರುದ್ಧ.

ಆ ಕಾರಿನ ತವರಾದ ಜಪಾನಿನಲ್ಲಿ ಶಾಕೆನ್ ಎಂಬ ತಪಾಸಣೆ ಉಂಟು. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಮಿತಿ ಮೀರಿದ ಸದ್ದು ಇದ್ದರೆ ಪಾಸಾಗುವುದಿಲ್ಲ. ಸ್ಪೋರ್ಟ್ಸ್ ಸೈಲೆನ್ಸರ್ ತಯಾರಕರೇ ಸೇರಿ ಜಾಸ್ಮಾ ಎಂಬ ಸಂಘ ಕಟ್ಟಿಕೊಂಡು, ಮಿತಿಯೊಳಗಿನ ಸೈಲೆನ್ಸರುಗಳಿಗೆ ಗುರುತು ಕೊಡುತ್ತಾರೆ. ರೀಲಿನ ಜಪಾನ್ ಬೇರೆ, ನಿಜವಾದ ಜಪಾನ್ ಬೇರೆ.

"ರೇಸಿನಲ್ಲಿ ಓಡುವ ಮಜ್ದಾಕ್ಕೆ ಎಂಥ ಸದ್ದು!" ಎಂದು ಯಾರಾದರೂ ಹೇಳಬಹುದು. ಸರಿ. 1991ರ ಜೂನಿನಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸನ್ನು ನಾಲ್ಕು ರೋಟರಿನ ಮಜ್ದಾ 787ಬಿ ಗೆದ್ದಿತು. ಅದರ ಕೂಗನ್ನು ಕೇಳಿದವರು ಈಗಲೂ ಮರೆತಿಲ್ಲ. ಆದರೆ ಅದು ಓಡಿದ್ದು ರೇಸಿಗಾಗಿ ಬೇಲಿ ಹಾಕಿ ಮುಚ್ಚಿದ ದಾರಿಯಲ್ಲಿ, ಟಿಕೆಟ್ ತೆಗೆದು ಕೇಳಲೆಂದೇ ಬಂದವರ ಮುಂದೆ. ನಮ್ಮ ಇಗರ್ಜಿಯ ಏರು ದಾರಿಯಲ್ಲಿ ಮನೆ ಮಾಡಿಕೊಂಡವರು ಯಾರೂ ಟಿಕೆಟ್ ತೆಗೆದಿಲ್ಲ.

ನಮ್ಮ ಅಂಗಳದ ಆರ್‌ಎಕ್ಸ್

ನಮ್ಮಲ್ಲಿ ಆರ್‌ಎಕ್ಸ್-7 ಇಲ್ಲದಿದ್ದರೂ ಆರ್‌ಎಕ್ಸ್ 100 ಉಂಟು. 1985ರಲ್ಲಿ ಬಂದು 1996ರ ತನಕ ಮಾರಾಟವಾದ ಯಮಹಾ. ಅಪ್ಪ ಚಿಕ್ಕಪ್ಪಂದಿರು ಜೋಪಾನ ಮಾಡಿದ ಬೈಕು ಈಗ ಮಗನ ಕೈಗೆ ಬಂದಿದೆ. ಇದು ಟೂ ಸ್ಟ್ರೋಕ್. ರೋಟರಿಯ ಹಾಗೆ ಇದರಲ್ಲೂ ಎಕ್ಸಾಸ್ಟ್ ವಾಲ್ವ್ ಇಲ್ಲ, ಗೋಡೆಯಲ್ಲಿ ಕಂಡಿ ಮಾತ್ರ. ಇದರ ಸೈಲೆನ್ಸರಿನ ಹೊಟ್ಟೆ ದಪ್ಪವಾಗಿ ಹಿಂದೆ ಕಿರಿದಾಗುವುದು ಚಂದಕ್ಕಲ್ಲ. ಇಂಜಿನಿನಿಂದ ಹೊರಟ ಒತ್ತಡದ ಅಲೆ ಆ ಕಿರಿದಾದ ಭಾಗಕ್ಕೆ ತಾಗಿ ಹಿಂದಿರುಗುತ್ತದೆ. ಹೊರಗೆ ಜಾರುತ್ತಿದ್ದ ಹೊಸ ಪೆಟ್ರೋಲು-ಗಾಳಿಯನ್ನು ಕಂಡಿ ಮುಚ್ಚುವ ಮೊದಲೇ ಒಳಗೆ ತಳ್ಳುತ್ತದೆ. ಪೈಪಿನ ಉದ್ದ, ದಪ್ಪ, ಕೋನ ಎಲ್ಲದಕ್ಕೂ ಲೆಕ್ಕ ಉಂಟು. ಅದನ್ನು ಕತ್ತರಿಸಿದವನು ಎಕ್ಸಾಸ್ಟ್ ವಾಲ್ವ್ ಇಲ್ಲದ ಇಂಜಿನಿಗೆ ಇದ್ದ ಏಕೈಕ ಬಾಗಿಲನ್ನೇ ಕಿತ್ತುಹಾಕಿದ ಹಾಗೆ. 98 ಸಿಸಿಯ ಆ ಪುಟ್ಟ ಇಂಜಿನ್ ಹೆಸರು ಮಾಡಿದ್ದೇ ಈ ಲೆಕ್ಕದಿಂದ.

ಬುಲೆಟ್ ಮತ್ತು ಹೊಸ ಬೈಕುಗಳ ಕಥೆ ಬೇರೆಯಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಬೈಕುಗಳ ಎಕ್ಸಾಸ್ಟಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಂಟು, ಆಕ್ಸಿಜನ್ ಸೆನ್ಸರ್ ಉಂಟು. ಸೆನ್ಸರ್ ಹೇಳಿದ್ದನ್ನು ಕೇಳಿ ಕಂಪ್ಯೂಟರ್ ಪೆಟ್ರೋಲು ಅಳೆದು ಕೊಡುತ್ತದೆ. ಅಲ್ಲಿ ಪಂಜಾಬಿ ಸೈಲೆನ್ಸರ್, ಇಂದೋರಿ ಸೈಲೆನ್ಸರ್ ತಂದು ಸಿಕ್ಕಿಸಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ "ಬೈಕ್ ಮೊದಲಿನಂತೆ ಎಳೆಯುವುದಿಲ್ಲ, ಮೈಲೇಜ್ ಇಲ್ಲ" ಎಂದು ಮೆಕ್ಯಾನಿಕ್ಕಿಗೆ ಬೈಯುವುದು. ಕಿವಿಗೆ ಜೋರಾಗಿ ಕೇಳಿದ ಕೂಡಲೇ ವೇಗ ಹೆಚ್ಚಾಯಿತು ಅನಿಸುತ್ತದೆ. ನಂಬಿಕೆ ಇಲ್ಲದಿದ್ದರೆ ಖಾಲಿ ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದು, ಕತ್ತರಿಸಿದ ಮತ್ತು ಕತ್ತರಿಸದ ಎರಡು ಒಂದೇ ಮಾದರಿಯ ಬೈಕುಗಳನ್ನು ಅಳೆದು ನೋಡಿ.

ಲೆಕ್ಕ ಮತ್ತು ಕಾನೂನು

175 ಸಿಸಿಗಿಂತ ದೊಡ್ಡ ಬೈಕು ತಯಾರಾಗುವಾಗ ಅದರ ಸದ್ದು 80 ಡೆಸಿಬೆಲ್ ದಾಟಬಾರದು ಎಂದು ನಮ್ಮ ದೇಶದ ನಿಯಮ. ಡೆಸಿಬೆಲ್ ಲೆಕ್ಕ ಅಂಗಡಿಯ ತಕ್ಕಡಿಯ ಲೆಕ್ಕದ ಹಾಗಲ್ಲ. 10 ಡೆಸಿಬೆಲ್ ಏರಿತು ಎಂದರೆ ಸದ್ದಿನ ಶಕ್ತಿ ಹತ್ತು ಪಟ್ಟು. 20 ಏರಿದರೆ ನೂರು ಪಟ್ಟು. ವಾಸದ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳು ಹಾಕಿರುವ ಮಿತಿ ಹಗಲಿಗೆ 55, ರಾತ್ರಿಗೆ 45. ಆಸ್ಪತ್ರೆ, ಶಾಲೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯಕ್ಕೆ ಇನ್ನೂ ಕಡಿಮೆ: 50 ಮತ್ತು 40.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯ ಮೇಲೆ ಅಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿ ಓಡಿಸಿದವನಿಗೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಹೆತ್ತವರೇ, ಬೈಕಿನ ಆರ್‌ಸಿ ಹೆಚ್ಚಿನ ಮನೆಗಳಲ್ಲಿ ನಿಮ್ಮ ಹೆಸರಿನಲ್ಲೇ ಇದೆ ಎಂಬುದು ನೆನಪಿರಲಿ.

ಆದರೆ ದಂಡದ ಹೆದರಿಕೆಯಿಂದ ಮಾತ್ರ ಸುಮ್ಮನಾಗುವವರಿಗೆ ಈ ಲೇಖನ ಅಗತ್ಯವಿಲ್ಲ. ಅವರಿಗೆ ಪೊಲೀಸರೇ ಸಾಕು.

ಯಾರ ಗಾಳಿ ಇದು?

ನಾವು ಕಾಸರಗೋಡಿನವರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದಾಗ ಕೆಳಗಿದ್ದವರನ್ನು ಯಾರೂ ಕೇಳಲಿಲ್ಲ. ಎಲ್ಲರ ಗಾಳಿಗೆ ಯಾರೋ ಏನನ್ನೋ ಬಿಟ್ಟರೆ ಏನಾಗುತ್ತದೆ ಎಂದು ಈ ಜಿಲ್ಲೆಯವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ಹಾಸಿಗೆಯಲ್ಲೇ ಬೆಳೆದ ಮಕ್ಕಳಿರುವ ಮನೆಗಳು ನಮ್ಮಲ್ಲಿ ಉಂಟು. ಸಣ್ಣ ಸದ್ದಿಗೂ ಬೆಚ್ಚಿ, ಮೈ ಸೆಟೆದು, ಗಂಟೆಗಟ್ಟಲೆ ಅಳುವ ಮಗುವನ್ನು ಸಮಾಧಾನ ಮಾಡುವ ತಾಯಿಯ ಮುಂದೆ ನಿಂತು "ಇದು ನನ್ನ ಪ್ಯಾಶನ್" ಎಂದು ಹೇಳುವ ಧೈರ್ಯ ಯಾರಿಗಾದರೂ ಉಂಟೇ? ಒಂದು ಬೈಕಿನ ಹೊಗೆ ಮತ್ತು ಸದ್ದು ಆ ವಿಷಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಕೇಳದೆ ಬೇರೆಯವರ ಮೇಲೆ ಸುರಿಯುವ ಅಭ್ಯಾಸ ಮಾತ್ರ ಎರಡರಲ್ಲೂ ಒಂದೇ.

ಇನ್ನೊಂದು ವಿಷಯ. ನಮ್ಮ ಕಡೆಯ ಕಷ್ಟದ ರೋಗಿಗಳು ಹೋಗುವುದು ಮಂಗಳೂರಿಗೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸಿಗೆ ದಾರಿ ಸಿಗುವುದರ ಬೆಲೆ ಏನೆಂದು ನಾವು ಕಲಿತೆವು. ಕತ್ತರಿಸಿದ ಸೈಲೆನ್ಸರಿನ ಹತ್ತು ಬೈಕುಗಳ ನಡುವೆ ಇರುವವನಿಗೆ ಹಿಂದಿನಿಂದ ಬರುವ ಸೈರನ್ ಕೇಳುವುದಿಲ್ಲ. "ಸದ್ದು ಇದ್ದರೆ ಲಾರಿಯವರು ಜಾಗ ಕೊಡುತ್ತಾರೆ, ಅಪಘಾತ ಕಡಿಮೆ" ಎಂದು ವಾದಿಸುವವರು ಒಮ್ಮೆ ತಮ್ಮ ಪೈಪ್ ಯಾವ ಕಡೆಗೆ ಮುಖ ಮಾಡಿದೆ ನೋಡಲಿ. ಹಿಂದಕ್ಕೆ. ಎದುರಿನಿಂದ ತಿರುಗುವ ಲಾರಿಯ ಚಾಲಕನಿಗೆ ಬೇಕಾದದ್ದು ನಿಮ್ಮ ಹೆಡ್‌ಲೈಟು ಮತ್ತು ನಿಮ್ಮ ಮಿತಿಯ ವೇಗ.

"ಬೇರೆಯವರು ಮೈಕ್ ಹಾಕುವುದಿಲ್ಲವಾ, ಪಟಾಕಿ ಹೊಡೆಯುವುದಿಲ್ಲವಾ, ನಮಗೆ ಮಾತ್ರ ಯಾಕೆ ಉಪದೇಶ?" ಈ ಪ್ರಶ್ನೆ ನನಗೆ ಎಷ್ಟೋ ಸಲ ಬಂದಿದೆ. ಉತ್ತರ ಸುಲಭ. ಬೇರೆಯವರ ಕಣ್ಣಿನ ಕಸ ಎಣಿಸುವುದಕ್ಕೆ ಮೊದಲು ನಮ್ಮ ಕಣ್ಣಿನ ತೊಲೆ ತೆಗೆಯಲು ಯೇಸು ಹೇಳಿದ್ದು ನಮಗೇ. ನಮ್ಮ ರ‍್ಯಾಲಿ ಹೋಗುವ ದಾರಿಯಲ್ಲಿ ಮಸೀದಿ ಉಂಟು, ದೇವಸ್ಥಾನ ಉಂಟು, ಕ್ಲಿನಿಕ್ ಉಂಟು, ಎಲ್ಲ ಧರ್ಮದವರ ಮನೆಗಳೂ ಉಂಟು. ಈ ಊರಿನವರು ಕ್ರೈಸ್ತರನ್ನು ಇಷ್ಟು ವರ್ಷ ಗುರುತಿಸಿದ್ದು ಶಾಲೆಯಿಂದ, ಆಸ್ಪತ್ರೆಯ ಸಿಸ್ಟರುಗಳಿಂದ. ನಾಳೆ ಸೈಲೆನ್ಸರಿನಿಂದ ಗುರುತಿಸುವುದು ಬೇಡ. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನಿಗೆ ದೇವರು ಬಿರುಗಾಳಿಯಲ್ಲಿ ಸಿಗಲಿಲ್ಲ, ಭೂಕಂಪದಲ್ಲಿ ಸಿಗಲಿಲ್ಲ, ಬೆಂಕಿಯಲ್ಲೂ ಸಿಗಲಿಲ್ಲ. ಆಮೇಲೆ ಬಂದ ಮೆಲುದನಿಗೆ ಅವನು ಮುಖ ಮುಚ್ಚಿಕೊಂಡು ಹೊರಗೆ ಬಂದ. ಪಾಲಕ ಸಂತರ ಹಬ್ಬವನ್ನು ಬೆಂಕಿ ಮತ್ತು ಭೂಕಂಪದಿಂದ ಆಚರಿಸಬೇಕು ಎನ್ನುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಲಿ. ಪೋಪ್ ಫ್ರಾನ್ಸಿಸ್ 2015ರಲ್ಲಿ "ಲೌದಾತೊ ಸಿ" ಬರೆದು ಭೂಮಿಯನ್ನು ನಮ್ಮೆಲ್ಲರ ಸಾಮಾನ್ಯ ಮನೆ ಎಂದು ಕರೆದರು. ಯುವ ವಾರದಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡು, ಅದೇ ಸಂಜೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಬೈಕಿನಲ್ಲಿ ಮನೆಗೆ ಹೋದರೆ ಆ ಗಿಡಕ್ಕೂ ನಗು ಬರುತ್ತದೆ.

ಮಾಡಬೇಕಾದದ್ದು

ಬರೀ ಬೈದು ಮುಗಿಸುವುದು ಸರಿಯಲ್ಲ. ಮುಂದಿನ ಯುವ ಸಭೆಯ ಮುಂದೆ ಮೂರು ಬೇಡಿಕೆ ಇಡುತ್ತಿದ್ದೇನೆ.

ಒಂದು, ಹಬ್ಬದ ರ‍್ಯಾಲಿಗೆ ಕಂಪನಿಯ ಸೈಲೆನ್ಸರ್ ಇರುವ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇರುವ ವಾಹನಗಳಿಗೆ ಮಾತ್ರ ಪ್ರವೇಶ. ಹೊರಡುವ ಮೊದಲು ಇಗರ್ಜಿ ಮೈದಾನದಲ್ಲಿ ನಾವೇ ನೋಡೋಣ. ಯುವ ಸಂಘದ ಅಧ್ಯಕ್ಷನ ಬೈಕೇ ಆಗಲಿ, ಗುರಿಕಾರರ ಮಗನದ್ದೇ ಆಗಲಿ, ನಿಯಮ ಒಂದೇ. ಆಸ್ಪತ್ರೆ ಮತ್ತು ಪ್ರಾರ್ಥನಾ ಸ್ಥಳಗಳ ಮುಂದೆ ಹಾರ್ನ್ ಇಲ್ಲ.

ಎರಡು, ಒಂದು ಭಾನುವಾರ ಬಲಿಪೂಜೆಯ ನಂತರ ನಮ್ಮ ಧರ್ಮಕೇಂದ್ರದಲ್ಲೇ ಇರುವ ಮೆಕ್ಯಾನಿಕ್ ಅಣ್ಣಂದಿರನ್ನು ಕರೆದು ಹಳೆಯ ಬೈಕುಗಳ ಎಕ್ಸಾಸ್ಟ್ ನೋಡಿಸೋಣ. ಸೋರುವ ಗ್ಯಾಸ್ಕೆಟ್, ತುಕ್ಕು ಹಿಡಿದ ಪೈಪ್, ಸಡಿಲ ಬೋಲ್ಟ್, ಮಸಿ ಕಟ್ಟಿದ ಟೂ ಸ್ಟ್ರೋಕ್ ಸೈಲೆನ್ಸರ್. ಮಸಿ ತೆಗೆದು ಸ್ವಚ್ಛ ಮಾಡಿದ ಆರ್‌ಎಕ್ಸ್ 100 ಎಷ್ಟು ಹಗುರವಾಗಿ ಎಳೆಯುತ್ತದೆ ಎಂದು ಒಮ್ಮೆ ಓಡಿಸಿ ನೋಡಿ. ಹಳೆಯ ವಾಹನಕ್ಕೆ ಇದೇ ನಿಜವಾದ ಅಪ್‌ಗ್ರೇಡ್. ಸೈಲೆನ್ಸರ್ ಕತ್ತರಿಸಿದವರು ಕಂಪನಿಯದ್ದನ್ನು ತಂದು ಹಾಕಿಸಿಕೊಳ್ಳುವುದಾದರೆ ಕೂಲಿ ತೆಗೆದುಕೊಳ್ಳದೆ ಸಹಾಯ ಮಾಡುವಂತೆ ಅಣ್ಣಂದಿರನ್ನು ಕೇಳೋಣ.

ಮೂರು, ಇಂಜಿನ್ ಮೇಲೆ ನಿಜವಾದ ಆಸೆ ಇರುವ ಹುಡುಗ ಹುಡುಗಿಯರು ಅದನ್ನು ಕಲಿಯಲಿ. ಐಟಿಐ ಉಂಟು, ಪಾಲಿಟೆಕ್ನಿಕ್ ಉಂಟು. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಯಾವ ಕೋರ್ಸಿಗೆ ಹೇಗೆ ಅರ್ಜಿ ಹಾಕುವುದು ಎಂದು ತಿಳಿದ ಹಿರಿಯರು ನಮ್ಮಲ್ಲೇ ಇದ್ದಾರೆ. ಗೂಡಿನ ಗೋಡೆಯ ಗೀರು ಹೋಗಲಾಡಿಸಲು ವರ್ಷಗಟ್ಟಲೆ ಕೂತ ಆ 47 ಮಂದಿಯ ತಾಳ್ಮೆಯನ್ನು ಅನುಕರಿಸಿ. ಪೈಪಿನ ತುದಿಯ ಬೆಂಕಿಯನ್ನಲ್ಲ.

ಹೆತ್ತವರಲ್ಲಿ ಒಂದು ಮಾತು. ಮಗ ಬೈಕ್ ತಂದು ಅಂಗಳದಲ್ಲಿ ಎಕ್ಸಲರೇಟರ್ ತಿರುಗಿಸುವಾಗ "ಪ್ರಾಯದ ಹುಡುಗ, ಇರಲಿ" ಎಂದು ಒಳಗೆ ಹೋಗಬೇಡಿ. ಆ ಸದ್ದು ನಿಮ್ಮ ಕಂಪೌಂಡಿನಲ್ಲಿ ನಿಲ್ಲುವುದಿಲ್ಲ. ಪಕ್ಕದ ಮನೆಯ ಅಜ್ಜಿಯ ಕೋಣೆಗೂ ಹೋಗುತ್ತದೆ. ಅವರು ಬಂದು ದೂರು ಹೇಳದಿರುವುದು ಅವರ ಒಳ್ಳೆಯತನ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ಮುಂದಿನ ಯುವ ಸಭೆಗೆ ಎಲ್ಲರೂ ಬನ್ನಿ. ಒಪ್ಪದವರು ಖಂಡಿತ ಬನ್ನಿ, ವಾದ ಮಾಡೋಣ. ಬರುವಾಗ ಕಂಪನಿಯ ಸೈಲೆನ್ಸರ್ ಹಾಕಿಸಿಕೊಂಡು ಬನ್ನಿ. ಇಲ್ಲದಿದ್ದರೆ ನಿಮ್ಮ ವಾದ ನಮಗೆ ಕೇಳಿಸಲಿಕ್ಕಿಲ್ಲ.